ಮೂರು ಚುಕ್ಕಿಯ ಕೆಳಗೆ

ಓಲೆ ಬಂದ ವರ್ಷ ಕಲ್ಲಹುಂಡಿಯ ಮನೆಮನೆಗೂ ಒಂದು ಕರಪತ್ರ ಬಂತು. ನುಣುಪು ಕಾಗದ, ನಾಲ್ಕು ಬಣ್ಣ. ತಲೆಯ ಮೇಲೆ ದಪ್ಪಕ್ಷರದಲ್ಲಿ ‘ದಿನನಿತ್ಯದ ಅಗತ್ಯಗಳು’ ಎಂದಿತ್ತು. ಅನ್ನ, ನೀರು, ಉಸಿರು ಎಂದುಕೊಂಡು ಓದಲು ಕೂತವರಿಗೆ ಒಳಗಿದ್ದುದೇ ಬೇರೆ. ಇನ್ನು ಮುಂದೆ ರಾಜ್ಯದಲ್ಲಿ ಹೋಗುವ ಬರುವ ಪ್ರತಿ ಇಮೇಲೂ ಓಲೆ ಎಂಬ ಒಂದೇ ಪೆಟ್ಟಿಗೆಯ ಮೂಲಕ. ಓಲೆ ನಿಮ್ಮ ಪತ್ರಗಳನ್ನು ವಿಂಗಡಿಸುತ್ತದೆ. ಒಂದೇ ವಿಷಯ ಮತ್ತೆ ಮತ್ತೆ ಬಂದರೆ ಮಡಿಸಿಡುತ್ತದೆ. ಈಗ ಬೇಡದ್ದನ್ನು ಮುಂದಕ್ಕೆ ತಳ್ಳುತ್ತದೆ. ನಿಮಗೆ ಬಿಡುವಿಲ್ಲದಿದ್ದರೆ ತಾನೇ ಉತ್ತರ ಕೊಡುತ್ತದೆ. ತಪ್ಪಿ ಕಳುಹಿಸಿದ್ದನ್ನು ಅರ್ಧ ನಿಮಿಷದೊಳಗೆ ವಾಪಸು ತರುತ್ತದೆ.

ಭಾನುವಾರದ ಓದುಕೂಟದಲ್ಲಿ ರಾಚಯ್ಯ ಅದನ್ನು ಗಟ್ಟಿಯಾಗಿ ಓದಿದ. ಮೂವತ್ತು ವರ್ಷ ಕೊಳಚೆ ಬಳಿದು, ಅದರ ಜೊತೆಗೇ ಓದುವುದನ್ನು ಕಲಿತು, ಕಲಿತದ್ದನ್ನು ಹತ್ತಾರು ಜನಕ್ಕೆ ಕಲಿಸಿದ ಮುದುಕ ಅವನು. ಓದಿ ಮುಗಿಸಿ ಕನ್ನಡಕ ತೆಗೆದಾಗ ಚಿಕ್ಕತಾಯಮ್ಮ ಕೇಳಿದಳು:

“ಇಷ್ಟೆಲ್ಲ ಸೌಲತ್ತು ಯಾರಿಗಣ್ಣ? ಬರೆಯೋರಿಗಾ, ಓದೋರಿಗಾ?”

ರಾಚಯ್ಯ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಓದೋರಿಗೆ ಕಣವ್ವ.”

“ಬರೆಯೋರಿಗೆ?”

“ಒಂದು ಬಟನ್ನು ಕೊಟ್ಟವ್ರೆ. ಒತ್ತಿ ಒತ್ತಿ ಸಾಯಿ ಅಂತ.”

ಎಲ್ಲರೂ ನಕ್ಕರು. ಇದು ಏಳು ವರ್ಷದ ಹಿಂದಿನ ನಗು.

*

ಕಪಿಲಾ ನದಿಯ ದಂಡೆಯಲ್ಲಿ ಹದಿನಾರು ಕಾರ್ಖಾನೆಗಳು. ಅವು ಉಗುಳುವ ನೀರೆಲ್ಲ ನದಿಗೆ ಸೇರುವ ಮೊದಲು ಕಲ್ಲಹುಂಡಿಯ ಶುದ್ಧೀಕರಣ ಘಟಕಕ್ಕೆ ಬರುತ್ತದೆ. ನೆಲದೊಳಗೆ ಆರು ತೊಟ್ಟಿಗಳು, ಒಂದೊಂದೂ ಮೂರಾಳು ಆಳ. ತಳದಲ್ಲಿ ಕಪ್ಪು ಕೆಸರು. ಆ ಕೆಸರಿಗೆ ಮನುಷ್ಯರನ್ನು ಇಳಿಸುವುದಿಲ್ಲ ಎಂದು ಜಲಶುದ್ಧಿ ಮಂಡಳಿ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಅದಕ್ಕೊಂದು ಯಂತ್ರ ಇದೆ. ಎಂಟು ಕಾಲು, ಎರಡು ಕೊಂಡಿ. ಘಟಕದಲ್ಲಿ ದುಡಿಯುವ ಹೆಂಗಸರು ಅದನ್ನು ‘ಏಡಿ’ ಅನ್ನುತ್ತಾರೆ. ಏಡಿ ಇಳಿದು ಬಳಿಯುತ್ತದೆ. ಏಡಿ ಕೆಸರಿನಲ್ಲಿ ಸಿಕ್ಕಿಕೊಂಡಾಗ ಅದನ್ನು ಬಿಡಿಸಲು ಮಾತ್ರ ಮನುಷ್ಯರು ಇಳಿಯುತ್ತಾರೆ. ಮಂಡಳಿಯ ಲೆಕ್ಕದಲ್ಲಿ ಅದು ಕೊಳಚೆಗೆ ಇಳಿದಂತಲ್ಲ, ಯಂತ್ರ ರಿಪೇರಿ.

ಇಳಿಯಲು ಅಪ್ಪಣೆ ಬೇಕು. ತೊಟ್ಟಿಯ ಬಾಯಲ್ಲಿ ಗಾಳಿ ಅಳೆಯುವ ಒಂದು ಪೆಟ್ಟಿಗೆ ಕೂರಿಸಿದ್ದಾರೆ. ಅದು ‘ಗಾಳಿ ಚೆನ್ನಾಗಿದೆ’ ಅಂದರೆ ಮೈಸೂರಿನ ನಿಯಂತ್ರಣ ಕೊಠಡಿಯಿಂದ ಓಲೆ ತಾನಾಗಿಯೇ ಹಸಿರು ಪತ್ರ ಕಳಿಸುತ್ತದೆ. ಹಸಿರು ಬಂತೆಂದರೆ ಇಳಿಯಬೇಕು. ಉಸಿರಿನ ಸಿಲಿಂಡರು ಕೊಡುವುದಿಲ್ಲ. ಕೆಂಪು ಬಂದರೆ ಮಾತ್ರ ಸಿಲಿಂಡರಿನ ಗಾಡಿ. ಏಳು ವರ್ಷದಲ್ಲಿ ಕೆಂಪು ಬಂದದ್ದಿಲ್ಲ.

ಯಾಕೆಂದರೆ ಆ ಪೆಟ್ಟಿಗೆ ಬಾಯಲ್ಲಿದೆ. ಸಾವು ತಳದಲ್ಲಿದೆ.

ಇದನ್ನು ಕಂಡುಹಿಡಿದದ್ದು ಯಾವ ವಿಜ್ಞಾನಿಯೂ ಅಲ್ಲ, ಚಿಕ್ಕತಾಯಮ್ಮನ ತಂಗಿ ಸುಂದ್ರಮ್ಮನ ಕಾಲುಂಗುರ. ಅಕ್ಕತಂಗಿಯರು ಒಂದೇ ಮನೆಯಲ್ಲಿರುವವರು, ಒಂದೇ ಘಟಕದಲ್ಲಿ ದುಡಿಯುವವರು. ಸಂಜೆ ಕೆಲಸದಿಂದ ಬಂದು ಸುಂದ್ರಮ್ಮ ಹಿತ್ತಿಲ ಕಲ್ಲಿನ ಮೇಲೆ ಕೂತು ಕಾಲುಜ್ಜುತ್ತಾಳೆ. ಕೆಲವು ದಿನ ಬೆಳ್ಳಿಯ ಉಂಗುರ ಬೆಳ್ಳಗೇ ಇರುತ್ತಿತ್ತು. ಕೆಲವು ದಿನ ಮಸಿ ಬಳಿದಂತೆ ಕಪ್ಪಾಗಿರುತ್ತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಬಿಡುತ್ತಿರಲಿಲ್ಲ.

“ಅಕ್ಕೋ, ಯಾವತ್ತು ಕರ್ರಗಾಯ್ತದೆ ಅಂತ ಗ್ಯಾನ ಮಡಗಿದ್ದೀಯಾ?” ಎಂದು ಒಂದು ಸಂಜೆ ಕೇಳಿದ್ದಳು. “ಬರೀ ಮಂಗಳವಾರ ಕನಾ. ನಾಕನೇ ತೊಟ್ಟಿ.”

ಚಿಕ್ಕತಾಯಮ್ಮ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದವಳು ಕೋಲು ನಿಲ್ಲಿಸಿದಳು. ಮಂಗಳವಾರ ಬೆಳಿಗ್ಗೆ ಪಕ್ಕದ ಬಣ್ಣದ ಕಾರ್ಖಾನೆಯವರು ಆಸಿಡ್ಡು ತೊಳೆದ ನೀರು ಬಿಡುತ್ತಾರೆ. ಆಸಿಡ್ಡು ಕಪ್ಪು ಕೆಸರಿಗೆ ಬಿದ್ದರೆ ಕೆಟ್ಟ ಗಾಳಿ ಹುಟ್ಟುತ್ತದೆ. ಅದು ಮಾಮೂಲಿ ಗಾಳಿಗಿಂತ ಭಾರ, ಮೇಲೇಳದೆ ತಳದಲ್ಲೇ ಕೂರುತ್ತದೆ, ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಇಷ್ಟನ್ನು ರಾಚಯ್ಯ ಓದುಕೂಟದಲ್ಲಿ ಹೈಸ್ಕೂಲು ಪುಸ್ತಕ ಬಿಡಿಸಿ ಎಲ್ಲರಿಗೂ ತೋರಿಸಿದ. ಮೊದಲು ಕೊಳೆತ ಮೊಟ್ಟೆಯ ವಾಸನೆ. ಆಮೇಲೆ ವಾಸನೆ ನಿಂತೇಹೋಗುತ್ತದೆ. ನಿಂತದ್ದು ಗಾಳಿಯಲ್ಲ, ಮೂಗು.

ಕೆಂಪರಾಜು ಸತ್ತದ್ದು ಹಾಗೆ. ಅವನನ್ನು ಎತ್ತಲು ಇಳಿದ ಸಿದ್ದನಂಜ ಸತ್ತದ್ದು ಹಾಗೆ. ಅವರಿಬ್ಬರನ್ನೂ ಎತ್ತಲು ಇಳಿದ ದೊಡ್ಡಮಾದ ಸತ್ತದ್ದೂ ಹಾಗೇ. ಓಲೆ ಬರುವುದಕ್ಕೆ ಹಿಂದಿನ ವರ್ಷ, ಒಂದೇ ಕಾಲು ಗಂಟೆಯಲ್ಲಿ. ಕೆಂಪರಾಜು ಚಿಕ್ಕತಾಯಮ್ಮನ ಗಂಡ.

*

ಅವರು ಬರೆದರು. ಬರೆಯದೆ ಇರುವ ಜನ ಅವರಲ್ಲ. ಘಟಕದ ಕೆಲಸಗಾರರ ಸಂಘದ ಪತ್ರಕ್ಕೆ ಒಂದು ಕ್ರಮವಿತ್ತು, ರಾಚಯ್ಯನ ಕಾಲದಿಂದ ಬಂದದ್ದು. ಮೊದಲು ಸತ್ತವರ ಹೆಸರು. ಆಮೇಲೆ ಬದುಕಿರುವ ನಲವತ್ತೊಂದು ಮಂದಿಯ ಹೆಸರು. ಆಮೇಲೆ ಹಳೆಯ ಬೇಡಿಕೆಗಳು, ಒಂದಕ್ಷರ ಬಿಡದೆ. ಎಲ್ಲಕ್ಕೂ ಕೊನೆಗೆ ಹೊಸ ವಿಷಯ. ಹಳೆಯದನ್ನು ಅಳಿಸಬಾರದು, ಅಳಿಸಿದರೆ ಅವರು ಮರೆತರು ಎಂದು ಮಂಡಳಿಯೂ ಮರೆಯುತ್ತದೆ. ಹಾಗೆ ಹಿಂದಿನ ಪತ್ರವನ್ನೇ ಇಟ್ಟುಕೊಂಡು, ಕೆಳಗೆ ನಾಲ್ಕು ಸಾಲು ಸೇರಿಸಿ, ತಿಂಗಳಿಗೆ ಎರಡು ಮೂರರಂತೆ ಕಳಿಸಿದರು. ಪ್ರತಿ ಸಲವೂ ಉತ್ತರ ಬಂತು: ‘ನಿಮ್ಮ ಕಾಳಜಿಗೆ ಧನ್ಯವಾದ. ನಿಮ್ಮ 1 ಪತ್ರ ನಮ್ಮ ಗಮನದಲ್ಲಿದೆ.’

ಕಳೆದ ಮಂಗಳವಾರ ಜೊತೆಗಾತಿ ಕೆಂಚಮ್ಮ ನಾಲ್ಕನೇ ತೊಟ್ಟಿಗೆ ಅರ್ಧ ಇಳಿಯುವಷ್ಟರಲ್ಲೇ ಪ್ರಜ್ಞೆ ತಪ್ಪಿದಳು. ಸೊಂಟದ ಹಗ್ಗ ಹಿಡಿದು ಎಳೆದುಕೊಂಡರು. ಬದುಕಿದಳು. ಏಡಿ ಕೆಳಗೇ ಉಳಿಯಿತು, ಈ ಸಲ ಪೂರಾ ತಳದಲ್ಲಿ. ಬೇರೆ ದಿನ ಬಿಡಿಸೋಣ ಎಂದರೆ ಮೇಲ್ವಿಚಾರಕ ಪ್ರಸನ್ನ ಪಾಳಿಯ ಪಟ್ಟಿ ತೋರಿಸಿದ. ನಾಲ್ಕನೇ ತೊಟ್ಟಿಗೆ ಮಂಗಳವಾರ. ಈ ಮಂಗಳವಾರ ಸುಂದ್ರಮ್ಮ.

ಭಾನುವಾರ ಓದುಕೂಟದಲ್ಲಿ ಇನ್ನೂರ ಹದಿಮೂರನೇ ಪತ್ರ ಬರೆಯಲು ಕೂತಾಗ ಫೋನು ಹಿಡಿದಿದ್ದ ಕೆಂಚಮ್ಮ ಹುಬ್ಬು ಗಂಟಿಕ್ಕಿದಳು.

“ಚಿಕ್ತಾಯಕ್ಕ, ನಾವು ಇನ್ನೂರ ಹನ್ನೆರಡು ಕಳ್ಸಿವಿ. ಇದ್ಯಾಕೆ ಯಾವಾಗ್ಲೂ ಒಂದು ಪತ್ರ, ಒಂದು ಪತ್ರ ಅಂತದೆ?”

ರಾಚಯ್ಯ ಫೋನನ್ನು ಬಿಸಿಲಿಗೆ ಹಿಡಿದು ನೋಡಿದ. ಕಳಿಸಿದ ಪತ್ರದ ಮೇಲೆ ಇರುವೆಯಷ್ಟು ಸಣ್ಣಗೆ ‘ಹಿಂದಿನಂತೆಯೇ’ ಎಂದಿತ್ತು. ಅದರ ಕೆಳಗೆ ಮೂರು ಚುಕ್ಕಿ. ಚುಕ್ಕಿಯನ್ನು ಒತ್ತಿದರೆ ಪತ್ರ ಬಿಚ್ಚಿಕೊಂಡಿತು, ಒತ್ತದಿದ್ದರೆ ಇಲ್ಲ. ಓಲೆ ಪತ್ರದ ತಲೆಯನ್ನು ಹಿಂದಿನ ಪತ್ರದ ತಲೆಯ ಜೊತೆ ಹೋಲಿಸುತ್ತಿತ್ತು. ಒಂದೇ ಥರ ಇದ್ದರೆ ಮಿಕ್ಕಿದ್ದನ್ನು ಓದುವುದೇ ಬೇಡವೆಂದು ಮಡಿಸಿ ಹಳೆಯದರ ಅಡಿಗೆ ಹಾಕುತ್ತಿತ್ತು. ಕಾಲುಂಗುರ, ಮಂಗಳವಾರ, ಆಸಿಡ್ಡು, ಕೆಂಚಮ್ಮ ಬಿದ್ದದ್ದು ಎಲ್ಲವೂ ಆ ಮೂರು ಚುಕ್ಕಿಯ ಕೆಳಗಿತ್ತು. ಅಲ್ಲಿ ಮೈಸೂರಿನಲ್ಲಿ ಯಾರೋ ನೋಡುತ್ತಿದ್ದದ್ದು ಏಳು ವರ್ಷದ ಹಿಂದಿನ ಒಂದೇ ಒಂದು ಪತ್ರ.

ರಾಚಯ್ಯ ಫೋನು ಕೆಳಗಿಟ್ಟ.

“ತಪ್ಪು ನಂದೇ,” ಎಂದ ರಾಚಯ್ಯ. “ಕ್ರಮ ಹಾಕ್ಕೊಟ್ಟವನು ನಾನು.”

“ನೀನ್ಯಾಕಣ್ಣ ತಪ್ಪೊಪ್ಕತೀಯ, ಅವರು ಓದ್ದೆ ಇರಾದ್ಕೆ?” ಚಿಕ್ಕತಾಯಮ್ಮ ಸಿಡಿದಳು.

“ಹಂಗಾರೆ ಹೊಸಾದ್ನ ಮೇಲಕ್ಕೆ ಹಾಕಿ, ಸತ್ತೋರ ಹೆಸ್ರು ಕೆಳಕ್ಕೆ ಹಾಕುವಾ,” ಎಂದಳು ಕೆಂಚಮ್ಮ.

ರಾಚಯ್ಯನ ಮುಖ ಕಪ್ಪಿಟ್ಟಿತು. “ಸತ್ತೋರ್ನ ಇನ್ನೊಂದು ಸಲ ಕೆಳಕ್ಕೆ ತಳ್ಳೋದಾ? ಅದೂ ನಾವೇನಾ?”

ಎಲ್ಲರೂ ಚಿಕ್ಕತಾಯಮ್ಮನ ಕಡೆ ನೋಡಿದರು. ಮೊದಲ ಹೆಸರು ಅವಳ ಗಂಡನದು. ಅವಳು ಸೆರಗಿನ ತುದಿಯಿಂದ ಫೋನಿನ ಗಾಜು ಒರೆಸುತ್ತ ಕೂತಳು.

“ಸುಂದ್ರಿ ಹೆಸ್ರು ಆ ಪಟ್ಟೀಲಿ ನಾಕನೇದಾಗಿ ಬರೆಯೋಕೆ ನಂಗಾಗಕಿಲ್ಲ,” ಎಂದಳು ಕೊನೆಗೆ. “ಆದ್ರೆ ಅವರ್ನ ಬುಟ್ಟು ಬರೆಯೋಕೂ ಆಗಕಿಲ್ಲ. ಇದು ತಲೆ ನೋಡಿ ತಾನೆ ಮಡಿಸೋದು? ನಾವು ನಲವತ್ತೊಂದು ಜನ ಇದೀವಿ. ನಲವತ್ತೊಂದು ತಲೆ ಇಲ್ವಾ? ಒಬ್ಬೊಬ್ರೂ ಬರೀರಿ. ನಿಮ್ಮ ನಿಮ್ಮ ಮೊದಲ್ನೇ ಸಾಲು ನೀವೇ ಹುಡುಕ್ಕಳಿ. ಸತ್ತೋರು ಎಲ್ಲಾದ್ರೂ ಇರ್ಲಿ, ನಡೂಕೆ ಇರ್ಲಿ, ಬುಡಕ್ಕೆ ಇರ್ಲಿ. ಇರ್ಬೇಕು ಅಷ್ಟೆ.”

“ನಂಗೆ ಬರೆಯಾಕೆ ಬಂದ್ರೆ ತಾನೆ?” ಅಂದಳು ಒಬ್ಬಳು.

“ಬಯ್ಯಾಕೆ ಬತ್ತದಲ್ಲ? ಅದ್ನೇ ಬರಿ.”

*

ಮೈಸೂರಿನ ನಿಯಂತ್ರಣ ಕೊಠಡಿಯಲ್ಲಿ, ಕಲ್ಲಹುಂಡಿಯ ಪತ್ರಗಳು ಬಂದು ಸೇರಬೇಕಾದ ಮೇಘಮಾಲಾಳ ಪೆಟ್ಟಿಗೆ ಮೂರು ವರ್ಷದಿಂದ ಖಾಲಿಯಿತ್ತು. ಅದಕ್ಕಾಗಿ ಎರಡು ಪ್ರಶಸ್ತಿಪತ್ರ ಕೊಟ್ಟಿದ್ದರು. ಎಂಜಿನಿಯರು, ಕೆಲಸದಲ್ಲಿ ಚುರುಕು. ಆದರೆ ಸೋಮವಾರ ಸಂಜೆಯಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಆದದ್ದು ಬಹಳ ಸಣ್ಣದು. ಅವಳ ಮಗಳ ಶಾಲೆಯಲ್ಲಿ ಅವತ್ತು ಮಕ್ಕಳೆಲ್ಲ ಒಂದೊಂದು ಗಿಡ ತಂದಿದ್ದರು. ಇವಳ ಮಗಳು ಬರಿಗೈಯಲ್ಲಿ ಹೋಗಿ ದಿನವಿಡೀ ಮೂಲೆಯಲ್ಲಿ ಕೂತಿದ್ದಳು.

“ಏಳು ಸಲ ಮೇಲ್ ಮಾಡಿದ್ರಂತೆ ಕಣೇ,” ಎಂದ ಗಂಡ ಹೇಮಂತ. “ನೀನೂ ಏಳು ಸಲ ‘ಧನ್ಯವಾದ, ಗಮನಿಸಿದ್ದೇನೆ’ ಅಂತ ಉತ್ತರ ಕೊಟ್ಟಿದ್ದೀಯಂತೆ.”

“ನಾನಾ? ನಾನು ನೋಡೇ ಇಲ್ಲ.”

“ನೀನಲ್ಲ, ನಿನ್ನ ಓಲೆ. ಮನೇಲಿ ನನಗೂ ಅದೇ ಉತ್ತರ ಕೊಡುತ್ತೆ ಬಿಡು, ಅಭ್ಯಾಸ ಆಗಿದೆ.”

ಅವಳು ನಗಲಿಲ್ಲ. ಫೋನು ತೆಗೆದು ನೋಡಿದಳು. ‘ಪ್ರಿಯ ಪೋಷಕರೇ, ನಮಸ್ಕಾರ. ನಮ್ಮ ಶಾಲೆಯ ಪರವಾಗಿ’ — ಏಳು ಪತ್ರಕ್ಕೂ ಒಂದೇ ತಲೆ. ಕೆಳಗೆ ಮೂರು ಚುಕ್ಕಿ. ಅದನ್ನು ಒತ್ತಬಹುದು ಎಂದು ಗೊತ್ತಿದ್ದೂ ಮೂರು ವರ್ಷದಲ್ಲಿ ಒಮ್ಮೆಯೂ ಒತ್ತಿರಲಿಲ್ಲ. ಮಗಳು ಊಟ ಬಿಟ್ಟು ಮಲಗಿದಳು. ಮೇಘಮಾಲಾ ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ಓಡಾಡಿದಳು. ಒಂದು ಗಿಡ ಹೋದರೆ ಹೋಯಿತು. ಇನ್ನೇನೇನು ಮಡಿಸಿಟ್ಟಿದ್ದೇನೆ?

*

ಕಲ್ಲಹುಂಡಿಯಲ್ಲಿ ನಲವತ್ತೊಂದು ಜನ ಬರೆದು ಮುಗಿಸಲು ಎರಡು ರಾತ್ರಿ ಹಿಡಿಯಿತು. ಮಂಗಳವಾರ ಹತ್ತೂ ನಲವತ್ತಕ್ಕೆ ಮೇಘಮಾಲಾಳ ಖಾಲಿ ಪೆಟ್ಟಿಗೆಯಲ್ಲಿ ಒಂದು ಪತ್ರ ಬಂತು. ನೋಡನೋಡುತ್ತ ಆರು, ಹತ್ತೊಂಬತ್ತು, ನಲವತ್ತೊಂದು. ಓಲೆ ಒಂದನ್ನೂ ಮಡಿಸಲಿಲ್ಲ. ಅದಕ್ಕೆ ಹೋಲಿಕೆ ಸಿಗಲಿಲ್ಲ.

‘ನಾನು ಊಟ ಬಡಿಸಿದರೆ ನನ್ನ ಸೊಸೆ ತಟ್ಟೆ ಸರಿಸುತ್ತಾಳೆ, ನನ್ನ ಕೈ ವಾಸನೆಗೆ.’

‘ನಾನು ಕೆಂಚಮ್ಮ, ಅರ್ಧ ದಾರಿಯಲ್ಲೇ ಬಿದ್ದವಳು, ಅದಕ್ಕೇ ಬರೆಯಲು ಉಳಿದಿದ್ದೇನೆ.’

‘ಓಲೆ ಮಾರಾಯ, ಇದನ್ನು ಮಡಿಸು ನೋಡುವಾ.’

‘ನನಗೆ ಬರೆಯಲು ಬರುವುದಿಲ್ಲ, ಬಯ್ಯಲು ಬರುತ್ತದೆ, ಓದಿಕೊಳ್ಳಿ.’

‘ಮೇಡಮ್ಮೋರೆ, ನಿಮ್ಮ ಕಾಲುಂಗುರ ಯಾವ ಬಣ್ಣ?’

ಮೇಘಮಾಲಾ ತನಗರಿವಿಲ್ಲದೆ ಬಗ್ಗಿ ಕಾಲು ನೋಡಿಕೊಂಡಳು. ಬೆಳ್ಳಗಿತ್ತು. ಆ ಪತ್ರವನ್ನು ಕೊನೆಯತನಕ ಓದಿದಳು. ಬಣ್ಣದ ಕಾರ್ಖಾನೆಯ ನೀರು, ಕೆಸರು, ಭಾರದ ಗಾಳಿ, ಬಾಯಲ್ಲಿ ಕೂತ ಪೆಟ್ಟಿಗೆ. ಕಾಲೇಜಿನಲ್ಲಿ ತಾನೇ ಓದಿ ಅಂಕ ತೆಗೆದ ರಸಾಯನಶಾಸ್ತ್ರ, ಒಂದು ತಪ್ಪಿಲ್ಲದೆ. ನಡುವೆ ಮೂರು ಹೆಸರು. ಮುಂದಿನ ಪತ್ರದಲ್ಲೂ ಅದೇ ಮೂರು ಹೆಸರು, ಬೇರೆ ಜಾಗದಲ್ಲಿ. ಅದರ ಮುಂದಿನದರಲ್ಲೂ. ಕೊನೆಯದಾಗಿ ತೆರೆದ ಪತ್ರ ಹೀಗೆ ಶುರುವಾಗಿತ್ತು: ‘ಇವತ್ತು ಹನ್ನೊಂದು ಗಂಟೆಗೆ ನನ್ನ ತಂಗಿ ನಾಲ್ಕನೇ ತೊಟ್ಟಿಗೆ ಇಳಿಯುತ್ತಾಳೆ.’

ಅವಳು ಗಡಿಯಾರ ನೋಡಿದಳು. ಪರದೆಯ ಮೂಲೆಯಲ್ಲಿ ಹಸಿರು ಪಟ್ಟಿಯೊಂದು ಆಗಲೇ ಮೇಲೆದ್ದಿತ್ತು. ‘ಕಲ್ಲಹುಂಡಿ, ತೊಟ್ಟಿ 4. ಗಾಳಿ: ಉತ್ತಮ. ಅಪ್ಪಣೆ ಕಳುಹಿಸಲಾಗಿದೆ. ಹಿಂಪಡೆಯಲು 30 ಸೆಕೆಂಡು.’

ಇಪ್ಪತ್ತಾರು. ಇಪ್ಪತ್ತೈದು.

ಒತ್ತಿದಳು. ಓಲೆ ಕೇಳಿತು: ‘ಕಾರಣ ಆರಿಸಿ.’ ಮೂರೇ ಇದ್ದವು. ವಿಳಾಸ ತಪ್ಪಾಗಿದೆ. ಅಕ್ಷರ ತಪ್ಪಾಗಿದೆ. ಲಗತ್ತು ಸೇರಿಸಲು ಮರೆತೆ. ಒಂದು ಜೀವ ಹೋಗುತ್ತದೆ ಎನ್ನುವ ಕಾರಣವನ್ನು ಓಲೆ ಮಾಡಿದವರಾರೂ ಯೋಚಿಸಿರಲಿಲ್ಲ. ಅವರಿಗೆ ದಿನನಿತ್ಯ ಬೇಕಾದದ್ದು ಅದಲ್ಲ.

ಹದಿನಾಲ್ಕು. ಹದಿಮೂರು.

ಲಗತ್ತು ಸೇರಿಸಲು ಮರೆತೆ. ಒತ್ತಿದಳು.

*

“ಹಸಿರು ಬಂತಲ್ಲ, ಇಳೀರಿ ಇಳೀರಿ,” ಎಂದಿದ್ದ ಪ್ರಸನ್ನ.

ಸುಂದ್ರಮ್ಮ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಎರಡು ಮೆಟ್ಟಿಲು ಇಳಿದಿದ್ದಳು. ಮೇಲೆ ಹಗ್ಗ ಹಿಡಿದಿದ್ದ ಚಿಕ್ಕತಾಯಮ್ಮ ಒಂದು ಗೇಣೂ ಬಿಡುತ್ತಿರಲಿಲ್ಲ.

“ಬುಡಕ್ಕ, ಹಗ್ಗ. ನಾನು ಇಳೀದೆ ಇದ್ರೆ ಮುಂದಿನ ಪಾಳಿ ಕೆಂಚವ್ವಂದು. ಅವಳ್ಗೆ ಇನ್ನೂ ನೆಟ್ಟಗೆ ನಿಲ್ಲಾಕೆ ಆಗಕಿಲ್ಲ.”

“ನಿಂತ್ಕೋ ಅಂದ್ನಲ್ಲ.”

“ಓದವ್ರೋ ಇಲ್ವೋ ಯಾರ್ಗೊತ್ತು. ಬುಡು.”

ಪ್ರಸನ್ನನ ಕೈಯ ಫೋನು ಗುಂಯ್ ಎಂದಿತು. ಹಸಿರು ಹೋಗಿ ಬಿಳಿಯಾಯಿತು. ಅವನು ಅದನ್ನು ತಟ್ಟಿದ, ಅಲ್ಲಾಡಿಸಿದ. “ತಡೀರಿ, ತಡೀರಿ. ಅಪ್ಪಣೆ ವಾಪಸ್ ತಗೊಂಡವ್ರೆ. ಏಳು ವರ್ಷದಲ್ಲಿ ಹಿಂಗಾಗಿಲ್ಲವಲ್ಲ!”

ಚಿಕ್ಕತಾಯಮ್ಮ ತಂಗಿಯನ್ನು ರಟ್ಟೆ ಹಿಡಿದು ಮೇಲೆಳೆದಳು. ಎಳೆದ ರಭಸಕ್ಕೆ ಇಬ್ಬರೂ ಸಿಮೆಂಟಿನ ಮೇಲೆ ಬಿದ್ದರು. ಬಿದ್ದಲ್ಲಿಂದಲೇ ಕೂಗಿದಳು: “ವಾಪಸ್ ಬಂದ್ರೆ ಏನು ಮಾಡ್ಬೇಕು ಅಂತ ಬರ್ದವ್ರೆ ನಿನ್ನ ರೂಲ್ಸು ಬುಕ್ಕಲ್ಲಿ? ಓದು.”

ಪ್ರಸನ್ನ ಓದಿದ. ತಳದವರೆಗೆ ಮತ್ತೆ ಅಳೆಯಬೇಕು ಎಂದಿತ್ತು. ಗಾಳಿ ಅಳೆಯುವ ಪೆಟ್ಟಿಗೆಯ ಮೊಹರು ಬಿಚ್ಚಿದ. ಚಿಕ್ಕತಾಯಮ್ಮ ತಂಗಿಯ ಸೊಂಟದ ಹಗ್ಗವನ್ನೇ ಬಿಚ್ಚಿ ಪೆಟ್ಟಿಗೆಗೆ ಕಟ್ಟಿ ಇಳಿಬಿಟ್ಟಳು. ಒಂದಾಳು. ಸದ್ದಿಲ್ಲ. ಎರಡಾಳು. ಮಿಣಿಮಿಣಿ ಎಂದಿತು. ಮೂರನೇ ಆಳಿಗೆ ಅದು ಕಿರುಚತೊಡಗಿತು. ತೊಟ್ಟಿಯ ಗೋಡೆಗೆಲ್ಲ ಬಡಿದು ಮೇಲೆ ಬಂದ ಆ ಕಿರುಚಾಟಕ್ಕೆ ಆರೂ ತೊಟ್ಟಿಯ ಹೆಂಗಸರು ಕೆಲಸ ಬಿಟ್ಟು ಬಂದು ನಿಂತರು. ಆಮೇಲೆ ತಟ್ಟನೆ ನಿಂತಿತು. ಮೇಲೆಳೆದು ನೋಡಿದರೆ ಅಂಕಿಯಿರಬೇಕಾದ ಕಡೆ ಬರಿಯ ಅಡ್ಡಗೆರೆ. ಅಷ್ಟನ್ನು ಅಳೆಯಲು ಅದನ್ನು ಮಾಡಿರಲಿಲ್ಲ.

ಸುಂದ್ರಮ್ಮ ಅಲ್ಲೇ ಕೂತು ತನ್ನ ಕಾಲುಂಗುರ ನೋಡಿಕೊಂಡಳು. ಎರಡೇ ಮೆಟ್ಟಿಲಿಗೆ ಅಂಚು ಕಂದಿತ್ತು.

*

ಮಧ್ಯಾಹ್ನ ಎರಡಕ್ಕೆ ಮೇಘಮಾಲಾಳಿಗೆ ಮೇಲಿನಿಂದ ಎರಡು ಪತ್ರ ಬಂದವು. ಮೊದಲನೆಯದು: ಮರೆತ ಲಗತ್ತು ಯಾವುದು, ಕೂಡಲೇ ವಿವರಣೆ ಕೊಡಿ. ಎರಡನೆಯದು ರಾಜ್ಯಕ್ಕೆಲ್ಲ ಹೋದ ಶುಭ ಸಮಾಚಾರ. ಬಳಕೆದಾರರ ಅನುಕೂಲಕ್ಕಾಗಿ ಓಲೆ ಮುಂದಿನ ಸೋಮವಾರದಿಂದ ಪತ್ರದ ತಲೆಯನ್ನಷ್ಟೇ ಅಲ್ಲ, ಅರ್ಥವನ್ನೂ ಹೋಲಿಸಿ ಮಡಿಸಲಿದೆ. ಎಷ್ಟು ಜನ ಎಷ್ಟು ಥರ ಬರೆದರೂ ಸಂಕಟ ಒಂದೇ ಆಗಿದ್ದರೆ ಅದು ಇನ್ನು ಒಂದೇ ಪತ್ರ.

ಎರಡನ್ನೂ ಎರಡೆರಡು ಸಲ ಓದಿದಳು. ಮೊದಲನೆಯದಕ್ಕೆ ಉತ್ತರ ಬರೆದು ನಲವತ್ತೊಂದು ಪತ್ರಗಳನ್ನೂ ಲಗತ್ತಿಸಿ ಕಳಿಸಿದಳು. ತಕ್ಷಣ ಉತ್ತರ ಬಂತು: ‘ನಿಮ್ಮ ಕಾಳಜಿಗೆ ಧನ್ಯವಾದ.’ ಎದ್ದು ಪತ್ರಗಳನ್ನೆಲ್ಲ ಕಾಗದದಲ್ಲಿ ಅಚ್ಚು ತೆಗೆದು, ಚೀಲಕ್ಕೆ ತುಂಬಿ, ಸ್ಕೂಟರು ಹತ್ತಿದಳು.

ಸಂಘದ ತಗಡಿನ ಶೆಡ್ಡಿನಲ್ಲಿ ಹೆಂಗಸರು ಟೀ ಕುಡಿಯುತ್ತಿದ್ದರು. ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡವಳು ಬಾಗಿಲಲ್ಲಿ ನಿಂತದ್ದು ನೋಡಿ ಒಬ್ಬಿಬ್ಬರು ಎದ್ದರು. ಚಿಕ್ಕತಾಯಮ್ಮ ಏಳಲಿಲ್ಲ.

“ನೀನಾ ವಾಪಸ್ ಈಸ್ಕೊಂಡವಳು?”

“ಹೌದು ಅಮ್ಮ.”

“ಮಡಿಸ್ತಿದ್ದವಳೂ ನೀನೇಯಾ?”

ಮೇಘಮಾಲಾ ಓಲೆ ಎಂದು ಹೇಳಲು ಬಾಯಿ ತೆರೆದಳು. ಹೇಳಲಿಲ್ಲ. “ಹೌದು,” ಎಂದಳು.

“ಎಲ್ಲಾನೂ ಓದಿದ್ಯಾ?”

“ಹನ್ನೊಂದಕ್ಕೆ ಮುಂಚೆ ಆರು. ಆಮೇಲೆ ಎಲ್ಲ ಓದಿದೆ. ನಲವತ್ತೊಂದೂ.”

“ಓದಿದ್ರೆ ಹೇಳು ಮತ್ತೆ, ಸತ್ತೋರ ಹೆಸ್ರು.”

ಮೇಘಮಾಲಾ ಚೀಲ ಬಿಚ್ಚಲಿಲ್ಲ.

“ಕೆಂಪರಾಜು. ಸಿದ್ದನಂಜ. ದೊಡ್ಡಮಾದ.”

“ನಾಕನೇದು?”

“ಇಲ್ಲ.”

“ಇವತ್ತಿಗೆ ಇಲ್ಲ,” ಎಂದಳು ಚಿಕ್ಕತಾಯಮ್ಮ. ಪಕ್ಕಕ್ಕೆ ಸರಿದು ಚಾಪೆಯ ಮೇಲೆ ಜಾಗ ಮಾಡಿದಳು. ಸುಂದ್ರಮ್ಮ ಒಂದು ಲೋಟ ಟೀ ತಂದು ಎದುರಿಗಿಟ್ಟು, ಕುಡಿಯುತ್ತಾಳೋ ಇಲ್ಲವೋ ಎಂದು ನೋಡುತ್ತ ನಿಂತಳು. ಮೇಘಮಾಲಾ ಕುಡಿದಳು. ಕುಡಿಯುತ್ತಲೇ ಸೋಮವಾರದಿಂದ ಬರಲಿರುವ ಹೊಸ ಸೌಲಭ್ಯದ ವಿಷಯ ಹೇಳಿದಳು. ಇನ್ನು ನಲವತ್ತೊಂದು ಬರೆದರೂ ಒಂದೇ.

ರಾಚಯ್ಯ ಕನ್ನಡಕ ಏರಿಸಿದ. “ಕಾಗದ ಮಡಿಸ್ಬೋದು ಕಣವ್ವ. ಜನವ ಮಡಿಸಾಕೆ ಆಯ್ತದಾ ನೋಡುವಾ. ನಿಮ್ಮ ಆಫೀಸಿಗೆ ಬಾಗಿಲು ಎಷ್ಟವೆ?”

“ಒಂದು.”

“ಕುರ್ಚಿ?”

“ಹನ್ನೆರಡು.”

“ನಾವು ನಿಂತ್ಕತೀವಿ ಬುಡು,” ಎಂದಳು ಕೆಂಚಮ್ಮ.

ಚಿಕ್ಕತಾಯಮ್ಮ ಒಂದು ಹಾಳೆ ತೆಗೆದು ಮೇಘಮಾಲಾಳ ಮುಂದಿಟ್ಟು, ಪೆನ್ನು ಕೈಗೆ ಕೊಟ್ಟಳು.

“ಮುಂದಿನ ಮಂಗಳವಾರಕ್ಕೆ ಬರ್ಕೋ ಮಗ. ನಲವತ್ತೆರಡು ಜನ ಬತ್ತೀವಿ, ಎದುರ್ಗೆ ನಿಂತು ಓದ್ತೀವಿ ಅಂತ. ಸತ್ತೋರ ಹೆಸ್ರು ಮೊದ್ಲು.”